ಬ್ಯಾಡಗಿಯ ರಾಶಿ, ಗಣಕದ ಅಂಗಳ

ಹುಬ್ಬಳ್ಳಿಯಿಂದ ಬೆಂಗಳೂರಿನತ್ತ ಸಾಗುವ ರೈಲುಮಾರ್ಗದಲ್ಲಿ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಒಂದರ ಹಿಂದೊಂದು ಬರುತ್ತವೆ. ಹಾವೇರಿ ಏಲಕ್ಕಿ ಹಾರಕ್ಕೆ ಹೆಸರಾದುದು. ಬ್ಯಾಡಗಿ, 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕೆಂಪು ಮೆಣಸಿನಕಾಯಿಗೆ. ರಾಣೇಬೆನ್ನೂರಿನ ಪೇಟೆಗೆ ಹತ್ತಿ, ಗೋವಿನಜೋಳ, ಶೇಂಗಾ ಮೊದಲಾದ ಬಗೆಬಗೆಯ ಮಾಲು ಬರುತ್ತದೆ. ಗಣಕಯಂತ್ರದ ಒಳಗಿನ ಒಂದು ಸೂಕ್ಷ್ಮ ವಿದ್ಯೆಯನ್ನು ಅರಿಯಲು ಈ ಮೂರು ಊರುಗಳ ವ್ಯವಹಾರವೇ ಸಾಕು.

ಗಣಕದಲ್ಲಿ ಯಾವ ಲೆಕ್ಕ ನಡೆಯಬೇಕಾದರೂ ಅದರ ಸ್ಮೃತಿಯಲ್ಲಿ, ಎಂದರೆ ಮೆಮೊರಿಯಲ್ಲಿ, ಜಾಗ ಬೇಕು. ಪ್ರೋಗ್ರಾಮು ಕೇಳಿದಾಗಲೆಲ್ಲ ಜಾಗವನ್ನು ಅಳೆದುಕೊಡುವ ಪಾರುಪತ್ಯಗಾರನೇ ಅಲೊಕೇಟರ್. ಸಾಮಾನ್ಯ ಅಲೊಕೇಟರಿನ ಪಾಡು ರಾಣೇಬೆನ್ನೂರಿನಂಥ ಪೇಟೆಯ ಮೇಲ್ವಿಚಾರಕನ ಪಾಡು. ಒಬ್ಬನದು ಎರಡು ಚೀಲ, ಇನ್ನೊಬ್ಬನದು ಲಾರಿ ತುಂಬ ಹತ್ತಿ. ಪ್ರತಿ ಸಲವೂ ತಕ್ಕ ತೆರಪನ್ನು ಹುಡುಕಬೇಕು, ಅಳತೆ ಬರೆದಿಡಬೇಕು. ಬಂದು ಹೋಗುವವರ ನಡುವೆ ಅಂಗಳವೆಲ್ಲ ಚೂರುಚೂರು ತೆರಪಾಗಿ, ಒಟ್ಟು ಜಾಗ ಬೇಕಾದಷ್ಟಿದ್ದರೂ ದೊಡ್ಡ ರಾಶಿಗೆ ಎಡೆಯಿಲ್ಲದಂತಾಗುವುದುಂಟು.

ಬ್ಯಾಡಗಿಯ ಮಾತೇ ಬೇರೆ. ಸುಗ್ಗಿಯಲ್ಲಿ ಒಂದೇ ದಿನ ಲಕ್ಷ ಚೀಲ ಮೀರಿ ಮೆಣಸಿನಕಾಯಿ ಇಳಿಯುವುದುಂಟು. ಪ್ರತಿ ಲಾಟಿಗೂ ಖರೀದಿದಾರರು ಗಣಕದ ಮೂಲಕವೇ ಬೆಲೆ ಬರೆಯುತ್ತಾರೆ. 2014ರಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆ ಇಂಥ ಟೆಂಡರನ್ನು ರಾಜ್ಯದ ಪೇಟೆಗಳಿಗೆ ಹರಡಿತು. ಇಂಥ ಲೆಕ್ಕ ಹಿಡಿಯುವ ಒಂದು ಪ್ರೋಗ್ರಾಮನ್ನು ಊಹಿಸಿಕೊಳ್ಳಬಹುದು. ಬರೆದ ಒಂದೊಂದು ಬೆಲೆಯೂ ಅದರಲ್ಲಿ ಒಂದೊಂದು ‘ಆಬ್ಜೆಕ್ಟ್’. ಎಲ್ಲದರ ಗಾತ್ರವೂ ಒಂದೇ, 64 ಬೈಟ್ ಎನ್ನೋಣ. ಒಂದು ಲಕ್ಷ ಸಲ ಪಾರುಪತ್ಯಗಾರನ ಬಾಗಿಲು ತಟ್ಟುವುದೇಕೆ? 64 ಲಕ್ಷ ಬೈಟ್‌ಗಳ ಅಂಗಳವನ್ನು ಒಮ್ಮೆಗೇ ಪಡೆದು, ಸಮನಾದ ಕೋಣೆಗಳಾಗಿ ಗೆರೆ ಎಳೆದುಕೊಂಡರಾಯಿತು. ಸ್ವಂತ ಅಲೊಕೇಟರ್ ಎಂದರೆ ಇದೇ.

ಬರಿದಾದ ಕೋಣೆ ಯಾವುದೆಂದು ತಿಳಿಯುವ ಬಗೆಗೆ ಹಾವೇರಿಯ ಹಾರವೇ ದೃಷ್ಟಾಂತ. ಪ್ರತಿ ಬರಿಗೋಣೆಯೊಳಗೆ ಮುಂದಿನ ಬರಿಗೋಣೆಯ ವಿಳಾಸ ಬರೆದಿರುತ್ತದೆ. ಎಲ್ಲವೂ ಒಂದೇ ದಾರದ ಏಲಕ್ಕಿಗಳು. ಕೇಳಿದವರಿಗೆ ದಾರದ ತುದಿಯ ಏಲಕ್ಕಿ. ಮರಳಿ ಬಂದದ್ದು ಮತ್ತೆ ಅದೇ ತುದಿಗೆ. ಹುಡುಕಾಟವಿಲ್ಲ, ತೆರಪಿನ ಚೂರುಗಳೂ ಇಲ್ಲ. 1994ರಲ್ಲಿ ಜೆಫ್ ಬಾನ್‌ವಿಕ್ ಎಂಬಾತ ಸನ್ ಸಂಸ್ಥೆಯ ಕಾರ್ಯಾಚರಣ ವ್ಯವಸ್ಥೆಗೆ ರಚಿಸಿದ ‘ಸ್ಲ್ಯಾಬ್’ ಅಲೊಕೇಟರಿನ ಹಿಂದೆಯೂ ಸಮಗಾತ್ರದ ವಸ್ತುಗಳಿಗೆ ಬೇರೆಯೇ ಉಗ್ರಾಣವಿರಬೇಕೆಂಬ ಈ ಯುಕ್ತಿಯಿತ್ತು. ಮುಂದೆ ಲಿನಕ್ಸ್ ಸಹ ಅದನ್ನು ಅನುಸರಿಸಿತು.

ಜಾಗ ದೊರೆತ ಮಾತ್ರಕ್ಕೆ ಆಬ್ಜೆಕ್ಟ್ ಹುಟ್ಟುವುದಿಲ್ಲ. ನಿವೇಶನ ಕೊಳ್ಳುವುದು ಒಂದು, ಮನೆ ಕಟ್ಟುವುದು ಇನ್ನೊಂದು. ಬೆಲ್ ಪ್ರಯೋಗಾಲಯದಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಕೆಲಸ ಆರಂಭಿಸಿದ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ‘ನ್ಯೂ’ ಎಂಬ ಆಜ್ಞೆ ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೇ ಮಾಡುತ್ತದೆ. ‘ಪ್ಲೇಸ್‌ಮೆಂಟ್ ನ್ಯೂ’ ಎಂಬ ರೂಪವಾದರೋ ತೋರಿಸಿದ ಜಾಗದಲ್ಲಿ ಕಟ್ಟುವ ಕೆಲಸವನ್ನಷ್ಟೇ ಮಾಡುತ್ತದೆ. 1998ರ ಮೊದಲ ಅಂತರರಾಷ್ಟ್ರೀಯ ಮಾನಕದಲ್ಲಿಯೇ ಅಲೊಕೇಟರುಗಳಿಗೆ ಸ್ಥಾನ ದೊರೆತಿತ್ತು.

ಇಷ್ಟೆಲ್ಲ ಹೇಳಿದರೂ, ಬಹುಪಾಲು ಪ್ರೋಗ್ರಾಮುಗಳಿಗೆ ಈ ಗೊಡವೆಯೇ ಬೇಡ. ವಿಳಂಬ ಎಲ್ಲಿದೆಯೆಂದು ಅಳೆಯದೆ ಸ್ವಂತ ಅಂಗಳ ಹೂಡುವುದು ದುಡುಕು. ಅನೇಕ ವೇಳೆ ತಡವಾಗುವುದು ಸಂಪರ್ಕಜಾಲದಲ್ಲಿ, ಸ್ಮೃತಿಯಲ್ಲಲ್ಲ. ಮೇಲಾಗಿ ಸ್ವಂತ ಅಂಗಳದ ಕಾವಲೂ ಸ್ವಂತದ್ದೇ. ಒಮ್ಮೆ ಮರಳಿಸಿದ ಕೋಣೆಯನ್ನು ಮರೆತು ಮತ್ತೊಮ್ಮೆ ಮರಳಿಸಿದರೆ ಅದು ದಾರದಲ್ಲಿ ಎರಡು ಸಲ ಪೋಣಿಸಲ್ಪಟ್ಟು ಇಬ್ಬರ ಪಾಲಾಗುತ್ತದೆ. ಒಬ್ಬ ರೈತನ ಲಾಟಿನ ಬೆಲೆಯ ಮೇಲೆ ಇನ್ನೊಬ್ಬನದು ಬರೆದುಹೋಗುತ್ತದೆ. 2024ರ ಮಾರ್ಚ್ 11ರಂದು ಬೆಲೆ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಬ್ಯಾಡಗಿಯ ಮಾರುಕಟ್ಟೆ ಪ್ರಾಂಗಣದಲ್ಲಿ ವಾಹನಗಳಿಗೆ ಬೆಂಕಿಯಿಟ್ಟರು. ಅಂದಿನ ಕಾರಣ ಬೆಲೆಯ ಕುಸಿತ. ಗಣಕದ ಸ್ಮೃತಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಆ ಪೇಟೆಯಲ್ಲಿ ಒಂದು ಅಂಕಿಯ ತೂಕವೆಷ್ಟೆಂಬುದು ಅದರಿಂದ ತಿಳಿಯುತ್ತದೆ.

ಟೆಂಡರು ಮುಗಿದ ಮೇಲೆ ಅಂಗಳ ಗುಡಿಸುವುದು ಮಾತ್ರ ಸುಲಭ. ಕೋಣೆಕೋಣೆಯನ್ನೂ ಮರಳಿಸಬೇಕಿಲ್ಲ, ಇಡೀ 64 ಲಕ್ಷ ಬೈಟ್‌ಗಳನ್ನು ಒಮ್ಮೆಗೇ ಬಿಟ್ಟುಕೊಡಬಹುದು. ಅದಕ್ಕೆ ಮುನ್ನ, ತೆರೆದ ಕಡತವನ್ನೋ ಸಂಪರ್ಕವನ್ನೋ ಹಿಡಿದು ಕುಳಿತ ಆಬ್ಜೆಕ್ಟ್‌ಗಳಿದ್ದರೆ ಅವುಗಳ ‘ಡಿಸ್ಟ್ರಕ್ಟರ್’ ಅನ್ನು ಒಂದೊಂದಾಗಿ ಕರೆದು ಹಿಡಿದದ್ದನ್ನು ಬಿಡಿಸಬೇಕು.