ಕಾಮಾಲೆ ಇಳಿದ ಮೇಲೆ ಬಿಳಿಚಿಕೊಂಡ ಮಕ್ಕಳು

ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ, ಸತ್ತ ಮಗುವನ್ನು ಹೆತ್ತಿದ್ದ ತಾಯಿಯೊಬ್ಬಳಿಗೆ ಗಂಡನ ರಕ್ತ ಏರಿಸಿದರು. ಇಬ್ಬರದೂ ಓ ಗುಂಪು, ಹೊಂದಬೇಕಿತ್ತು. ಸ್ವಲ್ಪ ಹೊತ್ತಿಗೇ ಅವಳಿಗೆ ಚಳಿ ನಡುಕ, ಕಾಲು ಸೆಳೆತ, ತಲೆನೋವು ಶುರುವಾಯಿತು. ವೈದ್ಯರಾದ ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ ಅವಳ ಸೀರಮ್ಮನ್ನು ಓ ಗುಂಪಿನ 104 ಮಂದಿಯ ರಕ್ತದೊಂದಿಗೆ ಬೆರೆಸಿ ನೋಡಿದರು. 80 ಮಂದಿಯ ರಕ್ತ ಗಂಟುಗಂಟಾಯಿತು. ಅಪ್ಪನಿಂದ ಮಗುವಿಗೆ ಬಂದ ಯಾವುದೋ ಅಂಶದ ಮೇಲೆ ತಾಯಿಯ ದೇಹ ಪ್ರತಿಕಾಯ ತಯಾರಿಸಿಕೊಂಡಿದೆ ಎಂದು 1939ರಲ್ಲಿ ಅವರು ಬರೆದರು. ಮರುವರ್ಷ ವಿಜ್ಞಾನಿಗಳಾದ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಕೆಂಪುಕಣಗಳ ಮೇಲಿನ ಆರ್‌ಎಚ್ ಅಂಶವನ್ನು ಪ್ರಕಟಿಸಿದರು. ಎರಡೂ ಒಂದೇ ಗುಟ್ಟಿಗೆ ಸಂಬಂಧಿಸಿದವು ಎಂಬುದು ಬೇಗನೆ ಸ್ಪಷ್ಟವಾಯಿತು.

ಇಂಥ ಪ್ರತಿಕಾಯ ಶಿಶುವಿನ ಕೆಂಪುಕಣಗಳನ್ನು ಒಡೆಯುವುದರಿಂದ ಬರುವ ಆರ್‌ಎಚ್ ಕಾಯಿಲೆಯ ಚಹರೆ ಮೊದಲೇ ಗೊತ್ತಿತ್ತು. ಹುಟ್ಟುವಾಗಲೇ ಮೈಯೆಲ್ಲ ನೀರು ತುಂಬಿ ಊದುವುದು, ತೀವ್ರ ಕಾಮಾಲೆ, ರಕ್ತಹೀನತೆ ಈ ಮೂರೂ ಒಂದೇ ಕಾಯಿಲೆಯ ಮುಖಗಳೆಂದು ಬಾಸ್ಟನ್ನಿನ ಲೂಯಿ ಡೈಮಂಡ್ ಮತ್ತು ಸಂಗಡಿಗರು 1932ರಲ್ಲೇ ಹೇಳಿದ್ದರು. ತಾಯಿಯ ಪ್ರತಿಕಾಯವೇ ಇದಕ್ಕೆ ಕಾರಣವೆಂದು ಶಿಕಾಗೋದ ರೂತ್ ಡ್ಯಾರೋ 1938ರಲ್ಲಿ ತರ್ಕಿಸಿದ್ದರು. ಅದು ಎರಗುವ ಗುರಿಯನ್ನು ಊಹಿಸುವಲ್ಲಿ ಎಡವಿದರೂ ದಾರಿ ಸರಿಯಾಗಿತ್ತು.

ಕಾರಣ ತಿಳಿದ ಮೇಲೆ ಚಿಕಿತ್ಸೆಯೂ ಬಂತು. 1940ರ ದಶಕದಲ್ಲಿ ಶಿಶುವಿನ ರಕ್ತವನ್ನೇ ಬದಲಿಸುವ ಕ್ರಮ ಬಳಕೆಗೆ ಬಂದಿತು. ಡೈಮಂಡ್ ಹೊಕ್ಕುಳಿನ ರಕ್ತನಾಳದ ಮೂಲಕ ಅದನ್ನು ಮಾಡುವ ವಿಧಾನ ರೂಪಿಸಿದರು. 1963ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ವಿಲಿಯಂ ಲೈಲಿ ಗರ್ಭದೊಳಗಿನ ಮಗುವಿಗೇ ರಕ್ತ ಕೊಟ್ಟರು. ಸಾಯಬೇಕಿದ್ದ ಮಕ್ಕಳು ಉಳಿದವು.

ಹಾಗೆ ಉಳಿದ ಮಕ್ಕಳಲ್ಲೇ ಇನ್ನೊಂದು ಸಮಸ್ಯೆ ಕಾಣಿಸಿತು. ಕಾಮಾಲೆ ಇಳಿದು ಮನೆಗೆ ಹೋದ ಕೆಲವು ಮಕ್ಕಳು ವಾರಗಳ ಬಳಿಕ ಬಿಳಿಚಿಕೊಂಡು, ಹಾಲು ಕುಡಿಯಲೂ ಸುಸ್ತಾಗಿ ಆಸ್ಪತ್ರೆಗೆ ಮರಳಿದವು. ರಕ್ತ ಬದಲಿಸಿದರೂ ತಾಯಿಯ ಪ್ರತಿಕಾಯ ಪೂರ್ತಿ ಹೋಗಿರುವುದಿಲ್ಲ. ಅದು ತಿಂಗಳುಗಟ್ಟಲೆ ಉಳಿದು ಹೊಸ ಕೆಂಪುಕಣಗಳನ್ನು ಒಡೆಯುತ್ತದೆ, ಮೂಳೆಮಜ್ಜೆಯಲ್ಲಿ ಬೆಳೆಯುತ್ತಿರುವ ಎಳೆಯ ಕಣಗಳನ್ನೂ ಬಿಡುವುದಿಲ್ಲ. ಇತ್ತ ದಾನಿಯ ರಕ್ತ ಸಾಕಷ್ಟು ಆಮ್ಲಜನಕ ಹೊರುತ್ತಿರುವುದರಿಂದ, ರಕ್ತ ತಯಾರಿಸು ಎಂದು ಮಜ್ಜೆಗೆ ಹೇಳುವ ಎರಿತ್ರೊಪೊಯಿಟಿನ್ ಹಾರ್ಮೋನೂ ತಗ್ಗುತ್ತದೆ. ದಾನಿಯ ಕಣಗಳು ಮುಗಿದಾಗ ಅವುಗಳ ಜಾಗ ತುಂಬಲು ಹೊಸವು ಸಾಲುವುದಿಲ್ಲ. ಗರ್ಭದಲ್ಲೇ ರಕ್ತ ಪಡೆದ ಮಕ್ಕಳಲ್ಲಿ ಇದು ಹೆಚ್ಚು. ಹಿಮೊಗ್ಲೋಬಿನ್ ಇಳಿದಿದ್ದರೂ ರೆಟಿಕ್ಯುಲೊಸೈಟ್ ಎಂಬ ಹೊಸ ಕಣಗಳ ಎಣಿಕೆ ಕಡಿಮೆಯಿರುವುದೇ ಇದರ ಸುಳಿವು. ಅಗತ್ಯವಿದ್ದಾಗ ಸ್ವಲ್ಪ ಸ್ವಲ್ಪ ರಕ್ತ ಕೊಟ್ಟು, ಪ್ರತಿಕಾಯ ಕರಗುವವರೆಗೆ ಮಗುವನ್ನು ಕಾಯಬೇಕು.

ತಾಯಿಯಲ್ಲಿ ಪ್ರತಿಕಾಯ ಹುಟ್ಟದಂತೆ ತಡೆಯುವ, 1968ರಲ್ಲಿ ಬಳಕೆಗೆ ಬಂದ ಆ್ಯಂಟಿ-ಡಿ ಚುಚ್ಚುಮದ್ದು ಆರ್‌ಎಚ್ ಕಾಯಿಲೆಯನ್ನು ಬಹುಮಟ್ಟಿಗೆ ತಡೆದಿದೆ. ಆದರೆ ಪ್ರತಿಕಾಯ ಒಮ್ಮೆ ಹುಟ್ಟಿಬಿಟ್ಟರೆ ಈ ಚುಚ್ಚುಮದ್ದು ಕೆಲಸಕ್ಕೆ ಬಾರದು. ಆದ್ದರಿಂದ ಗರ್ಭಿಣಿಯರು ಮೊದಲ ತಪಾಸಣೆಯಲ್ಲೇ ರಕ್ತದ ಗುಂಪು ತಿಳಿದುಕೊಳ್ಳಬೇಕು. ಆರ್‌ಎಚ್ ಕಾಯಿಲೆಯಿಂದ ಪಾರಾದ ಮಗು ಮನೆಯಲ್ಲಿದ್ದರೆ, ಕಣ್ಣಿನ ಹಳದಿ ಹೋಯಿತೆಂದು ನಿಶ್ಚಿಂತರಾಗಬೇಡಿ. ಮೊದಲ ಮೂರು ತಿಂಗಳು ವೈದ್ಯರು ಹೇಳಿದಾಗಲೆಲ್ಲ ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸಿ.