ಅಮೆರಿಕಾದಲ್ಲಿ ಒಂದು ಸೆಮಿಸ್ಟರ್: ಹೊರಡುವ ಮುನ್ನ ಲೆಕ್ಕ ಹಾಕಬೇಕಾದ್ದು

ನಾಟಿ ಕಾಲದ ಮುಯ್ಯಾಳು ಪದ್ಧತಿ ಗೊತ್ತಿಲ್ಲದ ರೈತರು ಗಡಿನಾಡಿನಲ್ಲಿ ಕಡಿಮೆ. ಇವತ್ತು ಅವರ ಗದ್ದೆಗೆ ಇವರು, ನಾಳೆ ಇವರ ಗದ್ದೆಗೆ ಅವರು. ಕೂಲಿಯ ಲೆಕ್ಕ ಇಲ್ಲ. ಕಾಲೇಜುಗಳಲ್ಲಿ ಈಚೆಗೆ ಕೇಳಿಬರುತ್ತಿರುವ 'ಸ್ಟೂಡೆಂಟ್ ಎಕ್ಸ್‌ಚೇಂಜ್' ಎಂಬುದರ ಒಳಗುಟ್ಟೂ ಹೆಚ್ಚುಕಡಿಮೆ ಇಷ್ಟೇ. ಇಲ್ಲಿನ ವಿಶ್ವವಿದ್ಯಾಲಯವೂ ಅಮೆರಿಕಾದ ವಿಶ್ವವಿದ್ಯಾಲಯವೂ ಒಪ್ಪಂದ ಮಾಡಿಕೊಳ್ಳುತ್ತವೆ. ಇಲ್ಲಿಂದ ಒಬ್ಬ ವಿದ್ಯಾರ್ಥಿ ಅಲ್ಲಿಗೆ, ಅಲ್ಲಿಂದ ಒಬ್ಬ ಇಲ್ಲಿಗೆ. ಇಬ್ಬರೂ ತಮ್ಮ ತಮ್ಮ ಕಾಲೇಜಿಗೇ ಫೀಸು ಕಟ್ಟುತ್ತಾರೆ, ಓದುವುದು ಮಾತ್ರ ಇನ್ನೊಂದು ಕಡೆ. ಸೆಮಿಸ್ಟರ್ ಮುಗಿದ ಮೇಲೆ ಅಲ್ಲಿ ಗಳಿಸಿದ ಅಂಕಗಳನ್ನು ಇಲ್ಲಿನ ಪದವಿಗೆ ಸೇರಿಸಿಕೊಳ್ಳಲಾಗುತ್ತದೆ.

ಹೀಗಿರುವುದು ನಿಜವಾದ ಎಕ್ಸ್‌ಚೇಂಜ್. ಇದೇ ಹೆಸರಿನಲ್ಲಿ ಏಜೆಂಟರು ಮಾರುವ ಇನ್ನೊಂದು ಸರಕಿದೆ. ಅದರಲ್ಲಿ ಒಪ್ಪಂದ ಇರುವುದಿಲ್ಲ; ವಿದ್ಯಾರ್ಥಿ 'ವಿಸಿಟಿಂಗ್ ಸ್ಟೂಡೆಂಟ್' ಆಗಿ ಹೋಗಿ ಅಮೆರಿಕಾದ ಪೂರ್ತಿ ಫೀಸನ್ನು ತಾನೇ ಕಟ್ಟಬೇಕು. ಸರ್ಕಾರಿ ವಿಶ್ವವಿದ್ಯಾಲಯದಲ್ಲಿಯೇ ಹೊರಗಿನವರಿಗೆ ಒಂದು ಸೆಮಿಸ್ಟರಿನ ಬೋಧನಾ ಶುಲ್ಕ ಹದಿನೈದು ಸಾವಿರ ಡಾಲರ್ ಆಗುವುದುಂಟು. ಎರಡಕ್ಕೂ ಹೊರಗಿನಿಂದ ನೋಡಲು ವ್ಯತ್ಯಾಸ ಕಾಣದು. ಆದ್ದರಿಂದ ಕಾಲೇಜಿನ ಕಚೇರಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಒಪ್ಪಂದದಲ್ಲಿ ಬೋಧನಾ ಶುಲ್ಕ ಮಾಫಿ ಅಂತ ಬರೆದಿದೆಯೇ?" ಬಾಯಿಮಾತು ಬೇಡ, ಕಾಗದ ನೋಡಬೇಕು.

ಫೀಸು ಮಾಫಿಯಾದರೂ ಊಟ, ವಸತಿ, ವಿಮೆ, ವಿಮಾನ ಟಿಕೆಟ್ ಎಲ್ಲವೂ ವಿದ್ಯಾರ್ಥಿಯ ತಲೆಯ ಮೇಲೆಯೇ. ಹಾಸ್ಟೆಲ್ ಮತ್ತು ಊಟಕ್ಕೆ ಸೆಮಿಸ್ಟರಿಗೆ ಐದಾರು ಸಾವಿರ ಡಾಲರಿನಿಂದ ಶುರು, ದೊಡ್ಡ ನಗರಗಳಲ್ಲಿ ಇನ್ನೂ ಹೆಚ್ಚು. ಸಾಲ ಮಾಡಿ ಕಳಿಸುವ ಮನೆಯವರು ಒಂದು ಮಾತು ತಿಳಿದಿರಬೇಕು. ಇದು ನೌಕರಿಗೆ ಹೋಗುವ ದಾರಿಯಲ್ಲ. ನಾಲ್ಕೈದು ತಿಂಗಳ ಓದು ಮುಗಿಸಿ ಹುಡುಗ, ಹುಡುಗಿ ವಾಪಸ್ ಬರಲೇಬೇಕು. ಅಲ್ಲಿ ದುಡಿದು ಸಾಲ ತೀರಿಸುವ ಲೆಕ್ಕಾಚಾರ ಹಾಕಿದರೆ ಅದು ಮೊದಲ ದಿನವೇ ತಪ್ಪುತ್ತದೆ.

ಕಾಗದ ಪತ್ರಗಳ ಸರಣಿ

ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಸಿಗುವುದು ಜೆ-1 ವೀಸಾ. ಪದವಿಗೆಂದೇ ಹೋಗುವವರ ಎಫ್-1 ಬೇರೆ. ಊರಿನ ಕಾಲೇಜು ಹೆಸರು ಶಿಫಾರಸು ಮಾಡಿದ ಮೇಲೆ ಅಮೆರಿಕಾದ ವಿಶ್ವವಿದ್ಯಾಲಯ ಡಿಎಸ್-2019 ಎಂಬ ಪತ್ರ ಕಳಿಸುತ್ತದೆ. ಇದೇ ಇಡೀ ಪ್ರಯಾಣದ ಮೂಲ ದಾಖಲೆ. ಅದು ಬಂದ ನಂತರ ಸೆವಿಸ್ ಶುಲ್ಕ 220 ಡಾಲರ್, ವೀಸಾ ಅರ್ಜಿ ಶುಲ್ಕ 185 ಡಾಲರ್ ಕಟ್ಟಿ, ಡಿಎಸ್-160 ಅರ್ಜಿ ತುಂಬಿ ಸಂದರ್ಶನಕ್ಕೆ ದಿನ ಗೊತ್ತುಮಾಡಿಕೊಳ್ಳಬೇಕು. ಇದಲ್ಲದೆ 250 ಡಾಲರಿನ ಇನ್ನೊಂದು ಶುಲ್ಕ ವಿಧಿಸಲು 2025ರ ಜುಲೈಯಲ್ಲಿ ಅಮೆರಿಕಾ ಕಾನೂನು ಮಾಡಿದೆ. ಹಾಗಾಗಿ ಅರ್ಜಿ ಹಾಕುವ ದಿನದ ದರವನ್ನು ರಾಯಭಾರ ಕಚೇರಿಯ ಅಧಿಕೃತ ತಾಣದಲ್ಲೇ ನೋಡಿಕೊಳ್ಳುವುದು ಕ್ಷೇಮ.

ಸಂದರ್ಶನಕ್ಕೆ ಹೊಸೂರು, ತಾಳವಾಡಿ, ನೀಲಗಿರಿ, ಕಾಸರಗೋಡಿನವರು ಹೆಚ್ಚಾಗಿ ಹೋಗುವುದು ಚೆನ್ನೈಗೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಮುಂಬಯಿ. ಆದೋನಿ, ರಾಯದುರ್ಗ, ಮಡಕಶಿರಾ ಕಡೆಯವರಿಗೆ 2008ರಲ್ಲಿ ಶುರುವಾದ ಹೈದರಾಬಾದ್ ಕಚೇರಿ. ಬೆಂಗಳೂರಿನಲ್ಲಿ ಅಮೆರಿಕಾ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತಾದರೂ ಆಗ ವೀಸಾ ಕೆಲಸ ಆರಂಭವಾಗಿರಲಿಲ್ಲ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ಸೂಚನೆಯೂ ಬಂದಿದೆ.

ಗಡಿನಾಡಿನವರಿಗೆ ನಿಜವಾದ ತೊಡಕು ಇರುವುದು ಹೆಸರಿನಲ್ಲಿ. ಮಹಾರಾಷ್ಟ್ರದ ಅಂಕಪಟ್ಟಿಯಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ತಮಿಳುನಾಡಿನದ್ದರಲ್ಲಿ ಒಂದು ಇನಿಷಿಯಲ್, ಅಷ್ಟೇ. ಆಂಧ್ರದಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ, ಕೇರಳದಲ್ಲಿ ಇನಿಷಿಯಲ್ ಹಿಂದೆ ಬರುವುದುಂಟು. ಮನೆಯಲ್ಲಿ ಕನ್ನಡದ ಹೆಸರು, ಶಾಲೆಯ ದಾಖಲೆಯಲ್ಲಿ ಮೇಷ್ಟ್ರು ಕೇಳಿಸಿಕೊಂಡಂತೆ ಬರೆದ ಸ್ಪೆಲಿಂಗ್. ಪಾಸ್‌ಪೋರ್ಟು, ಅಂಕಪಟ್ಟಿ, ಡಿಎಸ್-2019 ಮೂರರಲ್ಲೂ ಹೆಸರು ಒಂದೇ ರೀತಿ ಇರಬೇಕು. ಪಾಸ್‌ಪೋರ್ಟಿನಲ್ಲಿ 'ಸರ್‌ನೇಮ್' ಜಾಗ ಖಾಲಿ ಬಿಟ್ಟವರ ಪೂರ್ತಿ ಹೆಸರನ್ನು ಅಮೆರಿಕಾ ವೀಸಾದಲ್ಲಿ ಸರ್‌ನೇಮ್ ಆಗಿ ಹಾಕಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬರೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಮುಂದೆ ಕಾಲೇಜಿನ ಗುರುತಿನ ಚೀಟಿ, ಬ್ಯಾಂಕ್ ಖಾತೆಯಲ್ಲೆಲ್ಲ ಅದೇ ಅಂಟಿಕೊಂಡು, ಅಪ್ಪ ಅಮ್ಮ ಇಟ್ಟ ಹೆಸರು ಹೋಗಿ ಹುಡುಗ 'ಫ್ನೂ' ಆಗುತ್ತಾನೆ. ತಮಾಷೆಯೆನಿಸಿದರೂ ಆಮೇಲೆ ತಿದ್ದಿಸುವ ಓಡಾಟ ತಮಾಷೆಯಲ್ಲ. ಅರ್ಜಿಗೆ ಮುನ್ನವೇ ಪಾಸ್‌ಪೋರ್ಟು ಸರಿಪಡಿಸಿಕೊಂಡರೆ ಈ ಕಾಟ ಇಲ್ಲ.

ಹಣದ ಪುರಾವೆಗೆ ಬ್ಯಾಂಕಿನಲ್ಲಿರುವ ಮೊತ್ತ, ಮಂಜೂರಾದ ಶಿಕ್ಷಣ ಸಾಲ, ವಿದ್ಯಾರ್ಥಿವೇತನದ ಪತ್ರ ಇವುಗಳಿಗೆ ಬೆಲೆ. ಸಾತ್‌ಬಾರಾ ಉತಾರ, ಪಟ್ಟಾ, ಅಡಂಗಲ್, ತೀರ್ವೆ ರಶೀದಿ ಊರಿನ ಬೇರನ್ನು ತೋರಿಸುತ್ತವೆಯೇ ಹೊರತು ಕೈಯಲ್ಲಿರುವ ದುಡ್ಡನ್ನಲ್ಲ. ಆದರೆ ಅವು ವ್ಯರ್ಥವೂ ಅಲ್ಲ. ವೀಸಾ ಕೇಳುವವರು ಅಲ್ಲೇ ನೆಲೆಸಲು ಹೊರಟವರೆಂದೇ ಅಮೆರಿಕಾದ ಕಾನೂನು ಮೊದಲು ಎಣಿಸುತ್ತದೆ. ಅಲ್ಲವೆಂದು ತೋರಿಸುವ ಭಾರ ಅರ್ಜಿದಾರರದ್ದು. ಅರ್ಧಕ್ಕೆ ನಿಂತಿರುವ ಇಲ್ಲಿನ ಪದವಿಯೇ ಎಕ್ಸ್‌ಚೇಂಜ್ ವಿದ್ಯಾರ್ಥಿಯ ದೊಡ್ಡ ಸಾಕ್ಷಿ. ಸಂದರ್ಶನ ನಡೆಯುವುದು ಎರಡು ಮೂರು ನಿಮಿಷ. ಯಾವ ವಿಷಯ ಓದುತ್ತೀರಿ, ಯಾಕೆ ಅಲ್ಲಿ, ಮರಳಿ ಬಂದು ಏನು ಎಂಬುದಕ್ಕೆ ಬಾಯಿಪಾಠದ ಉತ್ತರಕ್ಕಿಂತ ನೇರ ಉತ್ತರ ಲೇಸು.

ಏಜೆಂಟರ ವಿಷಯಕ್ಕೆ ಬಂದರೆ ಎರಡು ಘಟನೆ ನೆನಪಿಡುವಂಥವು. 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಎಂಬ ವಿಶ್ವವಿದ್ಯಾಲಯ ವೀಸಾ ಮೋಸದ ಆರೋಪದಲ್ಲಿ ಮುಚ್ಚಿದಾಗ ಬೀದಿಗೆ ಬಿದ್ದವರಲ್ಲಿ ಬಹಳಷ್ಟು ಮಂದಿ ಆಂಧ್ರದ ಮಕ್ಕಳು; ಕೆಲವರ ಕಾಲಿಗೆ ರೇಡಿಯೋ ಪಟ್ಟಿ ಕಟ್ಟಿದ್ದು ಆಗ ದೊಡ್ಡ ಸುದ್ದಿಯಾಗಿತ್ತು. 2019ರ ಜನವರಿಯಲ್ಲಿ ಮಿಶಿಗನ್‌ನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಪ್ರಕರಣ ಇನ್ನೂ ವಿಚಿತ್ರ. ಅದನ್ನು ನಡೆಸುತ್ತಿದ್ದದ್ದು ಅಮೆರಿಕಾ ಸರ್ಕಾರದ ಅಧಿಕಾರಿಗಳೇ, ಬಲೆ ಬೀಸಲೆಂದು. ಅಲ್ಲಿ ತರಗತಿಯೇ ಇರಲಿಲ್ಲ. ಮೊದಲ ಹಂತದಲ್ಲಿ ಬಂಧಿಸಿದ 130 ಮಂದಿಯಲ್ಲಿ 129 ಮಂದಿ ಭಾರತೀಯರು. ಎರಡೂ ಎಕ್ಸ್‌ಚೇಂಜ್ ಪ್ರಕರಣಗಳಲ್ಲ. ಆದರೆ "ಓದು ನೆಪಕ್ಕೆ, ಕೆಲಸ ಗ್ಯಾರಂಟಿ" ಎನ್ನುವ ಮಾತು ಎಲ್ಲಿ ಕೇಳಿದರೂ ಅಲ್ಲಿಂದ ಎದ್ದು ಬರಬೇಕು.

ವಿಮೆ, ಲಸಿಕೆ, ಚೀಲ

ಜೆ-1 ನಿಯಮದಲ್ಲಿ ಆರೋಗ್ಯ ವಿಮೆ ಕಡ್ಡಾಯ. ಪ್ರತಿ ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ ಒಂದು ಲಕ್ಷ ಡಾಲರ್, ತುರ್ತಾಗಿ ಸಾಗಿಸಲು 50,000, ಸಾವು ಸಂಭವಿಸಿದರೆ ದೇಹವನ್ನು ಊರಿಗೆ ಕಳಿಸಲು 25,000 ಡಾಲರ್ ಅದರಲ್ಲಿ ಸೇರಿರಬೇಕು. ಕೊನೆಯ ಮಾತು ಓದಿ ತಾಯಂದಿರು ಹೆದರಬೇಕಿಲ್ಲ, ಕಾನೂನಿನ ಪುಸ್ತಕ ಬರೆಯುವುದೇ ಹೀಗೆ. ಆದರೆ ವಿಮೆಯಿಲ್ಲದೆ ಒಂದು ರಾತ್ರಿ ಆಸ್ಪತ್ರೆ ಸೇರಿದರೂ ಬರುವ ಬಿಲ್ಲು ಎಕರೆ ಜಮೀನು ಮಾರಿಸುವಂಥದ್ದು ಎಂಬುದು ನಿಜ.

ದಡಾರ ಮುಂತಾದ ಲಸಿಕೆಗಳ ದಾಖಲೆಯನ್ನು ಅನೇಕ ವಿಶ್ವವಿದ್ಯಾಲಯಗಳು ಕೇಳುತ್ತವೆ. ಕ್ಷಯ ಪರೀಕ್ಷೆಯ ಬಗ್ಗೆ ಎಚ್ಚರ ಬೇಕು. ಇಲ್ಲಿ ಮಕ್ಕಳಿಗೆ ಬಿಸಿಜಿ ಚುಚ್ಚಿಸಿರುತ್ತಾರಾದ್ದರಿಂದ ಚರ್ಮದ ಪರೀಕ್ಷೆ ಸುಮ್ಮನೆ 'ಪಾಸಿಟಿವ್' ತೋರಿಸಬಹುದು. ರಕ್ತ ಪರೀಕ್ಷೆ ಮಾಡಿ ಎಂದು ಕೇಳುವ ಅವಕಾಶ ಇದೆ.

ಚೀಲದಲ್ಲಿ ಹಸಿ ಹಣ್ಣು, ತರಕಾರಿ, ಬೀಜ, ಮಾಂಸ ಒಯ್ಯುವಂತಿಲ್ಲ. ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ ಏನೇ ಇದ್ದರೂ ವಿಮಾನ ನಿಲ್ದಾಣದ ಕಸ್ಟಮ್ಸ್ ಅರ್ಜಿಯಲ್ಲಿ ತಿಂಡಿ ಇದೆ ಎಂದು ಬರೆದುಬಿಡುವುದು ಒಳ್ಳೆಯದು. ಬರೆದದ್ದನ್ನು ಬೇಡವೆಂದರೆ ಎಸೆಯುತ್ತಾರೆ, ಅಷ್ಟೇ. ಮುಚ್ಚಿಟ್ಟದ್ದು ಸಿಕ್ಕರೆ ದಂಡ.

ತರಗತಿಯ ರೀತಿ ಬೇರೆ

ಅಲ್ಲಿ ಫಾಲ್ ಸೆಮಿಸ್ಟರ್ ಆಗಸ್ಟ್ ಕೊನೆಯಿಂದ ಡಿಸೆಂಬರ್ ಮಧ್ಯದ ತನಕ, ಸ್ಪ್ರಿಂಗ್ ಸೆಮಿಸ್ಟರ್ ಜನವರಿಯಿಂದ ಮೇ ಆರಂಭದ ತನಕ. ಇಲ್ಲಿನ ಸೆಮಿಸ್ಟರ್ ಜೂನ್, ಜುಲೈಯಲ್ಲೇ ಶುರುವಾಗಿ ನವೆಂಬರಿಗೆ ಮುಗಿಯುವುದರಿಂದ ತಾಳ ತಪ್ಪುತ್ತದೆ. ಫಾಲ್‌ಗೆ ಹೋದವರು ಮರಳುವಷ್ಟರಲ್ಲಿ ಇಲ್ಲಿ ಮುಂದಿನ ಸೆಮಿಸ್ಟರಿನ ಪಾಠ ಕೆಲವು ವಾರ ಆಗಿಹೋಗಿರುತ್ತದೆ. ಹಾಜರಾತಿ ವಿನಾಯಿತಿಯನ್ನು ಹೊರಡುವ ಮುನ್ನವೇ ಬರವಣಿಗೆಯಲ್ಲಿ ಪಡೆಯಬೇಕು. ಡಿಎಸ್-2019ರಲ್ಲಿ ನಮೂದಿಸಿದ ಆರಂಭದ ದಿನಕ್ಕಿಂತ 30 ದಿನ ಮೊದಲು ಮಾತ್ರ ದೇಶದೊಳಗೆ ಬಿಡುತ್ತಾರೆ. ತಲುಪಿದ ಕೂಡಲೇ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಹೆಸರು ದಾಖಲಿಸಬೇಕು. ಅವರು ಸೆವಿಸ್‌ನಲ್ಲಿ ಹಾಕದಿದ್ದರೆ ವೀಸಾ ಇದ್ದೂ ಇಲ್ಲದಂತೆ.

ಪದವಿ ವಿದ್ಯಾರ್ಥಿಗಳು ಕಡಿಮೆಯೆಂದರೆ 12 ಕ್ರೆಡಿಟ್ ಓದಬೇಕು. ಒಂದು ವಿಷಯಕ್ಕೆ ಸಾಮಾನ್ಯವಾಗಿ ಮೂರು ಕ್ರೆಡಿಟ್, ಅಂದರೆ ನಾಲ್ಕು ವಿಷಯ. ಇಲ್ಲಿ ನಾಲ್ಕು ಬಹಳ ಕಡಿಮೆ ಎನಿಸುತ್ತದೆ. ಅಲ್ಲಿ ಎರಡನೇ ವಾರಕ್ಕೇ ಅದೇ ಬೆನ್ನು ಬಗ್ಗಿಸುತ್ತದೆ. ಮೊದಲ ದಿನ ಕೈಗೆ ಬರುವ ಸಿಲಬಸ್‌ನಲ್ಲಿ ಯಾವ ದಿನ ಯಾವ ಅಧ್ಯಾಯ, ಯಾವ ದಿನ ಪರೀಕ್ಷೆ, ಯಾವುದಕ್ಕೆ ಎಷ್ಟು ಅಂಕ ಎಲ್ಲ ಅಚ್ಚಾಗಿರುತ್ತದೆ. ಕೊನೆಯ ಪರೀಕ್ಷೆಗೆ ಒಂದು ಪಾಲು ಅಂಕ ಮಾತ್ರ. ಉಳಿದದ್ದು ವಾರವಾರದ ಮನೆಗೆಲಸ, ಕ್ವಿಜ್, ಮಧ್ಯಂತರ ಪರೀಕ್ಷೆ, ತರಗತಿಯಲ್ಲಿ ಮಾತಾಡುವುದು ಇವಕ್ಕೆ ಹಂಚಿಹೋಗಿರುತ್ತದೆ. ಪರೀಕ್ಷೆಗೆ ಮೊದಲ ಹತ್ತು ದಿನ ಗೈಡ್ ಉರುಹೊಡೆದು ಪಾಸಾಗುವ ವಿದ್ಯೆ ಅಲ್ಲಿ ನಡೆಯದು.

ಮಾತಾಡಲು ಅಂಕ ಎಂಬುದು ಊರಿನ ಮಕ್ಕಳಿಗೆ ಮೊದಮೊದಲು ಗಂಟಲಲ್ಲಿ ಸಿಕ್ಕಿಕೊಳ್ಳುವ ತುತ್ತು. ಮೇಷ್ಟ್ರ ಮುಂದೆ ಸುಮ್ಮನಿರುವುದು ಇಲ್ಲಿ ಮರ್ಯಾದೆ, ಅಲ್ಲಿ ಅದು ಓದಿಕೊಂಡು ಬಂದಿಲ್ಲ ಎಂಬುದರ ಗುರುತು. ಪ್ರತಿ ಪ್ರೊಫೆಸರೂ ವಾರದಲ್ಲಿ ಇಷ್ಟು ಗಂಟೆ ಕೊಠಡಿಯ ಬಾಗಿಲು ತೆರೆದು ಕುಳಿತಿರುತ್ತಾರೆ. ಅರ್ಥವಾಗದ್ದನ್ನು ಕೇಳಲು ಹೋದರೆ ಯಾರೂ ದಡ್ಡರೆಂದುಕೊಳ್ಳುವುದಿಲ್ಲ. ಈ ಒಂದು ವಿಷಯದಲ್ಲಿ ಗಡಿನಾಡಿನ ಮಕ್ಕಳಿಗೆ ಒಂದು ಅನುಕೂಲವೂ ಇದೆ ಎನ್ನಬೇಕು. ಮನೆಯಲ್ಲಿ ಒಂದು ಭಾಷೆ, ಬಸ್‌ಸ್ಟ್ಯಾಂಡಿನಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಎಂದು ಬದಲಿಸುತ್ತಾ ಬೆಳೆದವರಿಗೆ ತಪ್ಪು ಉಚ್ಚಾರದ ನಾಚಿಕೆ ಬೇಗ ಬಿಡುತ್ತದೆ.

ನಕಲು ಮಾತ್ರ ಅಲ್ಲಿ ಸಣ್ಣ ಅಪರಾಧವಲ್ಲ. ಇನ್ನೊಬ್ಬರ ನಾಲ್ಕು ಸಾಲನ್ನು ಹೆಸರು ಹೇಳದೆ ಸೇರಿಸಿದರೂ, ಕಂಪ್ಯೂಟರಿನಿಂದ ಬರೆಸಿದ್ದನ್ನು ತನ್ನದೆಂದು ಕೊಟ್ಟರೂ ವಿಚಾರಣೆ ನಡೆಯುತ್ತದೆ. ವಿಶ್ವವಿದ್ಯಾಲಯದಿಂದ ಹೊರಹಾಕಿದರೆ ವೀಸಾವೂ ಹೋಯಿತು. ಕಷ್ಟವೆಂದು ಒಂದು ವಿಷಯ ಬಿಟ್ಟು 12 ಕ್ರೆಡಿಟಿಗಿಂತ ಕೆಳಗೆ ಇಳಿಯುವುದೂ ಹೀಗೆಯೇ ಅಪಾಯ. ಮೊದಲು ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಅನುಮತಿ ಬೇಕು.

ಕ್ಯಾಂಪಸ್ಸಿನೊಳಗೆ, ಮುಂಗಡ ಅನುಮತಿ ಪಡೆದು, ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಗ್ರಂಥಾಲಯ, ಊಟದ ಹಾಲ್ ಇತ್ಯಾದಿ. ಹೊರಗಿನ ಪೆಟ್ರೋಲ್ ಬಂಕ್, ಹೋಟೆಲಿನಲ್ಲಿ ಕೈಗೆ ದುಡ್ಡು ಪಡೆದು ದುಡಿಯುವುದು ಕಾನೂನಿಗೆ ವಿರುದ್ಧ, ಅದು 'ನಮ್ಮವರ' ಹೋಟೆಲ್ ಆದರೂ. ಮದ್ಯಕ್ಕೆ 21 ವರ್ಷ ತುಂಬಿರಬೇಕು. ಗಾಂಜಾ ಕೆಲವು ರಾಜ್ಯಗಳಲ್ಲಿ ಅಂಗಡಿಯಲ್ಲೇ ಸಿಗುತ್ತದೆ, ಆದರೆ ಕೇಂದ್ರ ಕಾನೂನಿನಲ್ಲಿ ಇನ್ನೂ ಅಪರಾಧವೇ. ವೀಸಾ ನೋಡುವವರು ಕೇಂದ್ರದವರು.

ಹಾಸ್ಟೆಲ್ ಕೋಣೆಯಲ್ಲಿ ಒಗ್ಗರಣೆ ಹಾಕುವ ಆಸೆ ಬಿಡಬೇಕು. ಸಾಸಿವೆ ಸಿಡಿದ ಹೊಗೆಗೆ ಬೆಂಕಿಯ ಗಂಟೆ ಹೊಡೆದು ಇಡೀ ಕಟ್ಟಡದ ಮಕ್ಕಳು ಹಿಮದಲ್ಲಿ ಬಂದು ನಿಲ್ಲಬೇಕಾಗುತ್ತದೆ. ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಆಗ ಊಟದ ಹಾಲ್, ಕೆಲವೆಡೆ ಹಾಸ್ಟೆಲ್ ಸಹ ಮುಚ್ಚುತ್ತದೆ. ಆ ನಾಲ್ಕು ದಿನ ಎಲ್ಲಿರುವುದೆಂದು ಮೊದಲೇ ನೋಡಿಕೊಂಡಿರಬೇಕು. ಹತ್ತಿರದಲ್ಲಿ ಕನ್ನಡ ಕೂಟವಿದ್ದರೆ ಊಟಕ್ಕೆ ಕರೆಯುವವರು ಸಿಗುತ್ತಾರೆ. ಮನೆಗೆ ಫೋನು ಮಾಡುವವರು ನವೆಂಬರಿನ ಮೊದಲ ಭಾನುವಾರ ನೆನಪಿಡಬೇಕು. ಅಂದು ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಸರಿದು, ನ್ಯೂಯಾರ್ಕಿಗೂ ಇಲ್ಲಿಗೂ ಒಂಬತ್ತೂವರೆ ಗಂಟೆಯಿದ್ದ ಅಂತರ ಹತ್ತೂವರೆಯಾಗುತ್ತದೆ.

ಕನ್ನಡಕ್ಕೆ ಈ ದಾರಿ ಹೊಸತಲ್ಲ. ಭಾರತ ಮತ್ತು ಅಮೆರಿಕಾ ನಡುವೆ ಫುಲ್‌ಬ್ರೈಟ್ ವಿನಿಮಯದ ಒಪ್ಪಂದವಾದದ್ದು 1950ರಲ್ಲಿ. ಅದರ ಮೂಲಕವೇ ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಗಿರೀಶ ಕಾರ್ನಾಡರು 1987-88ರಲ್ಲಿ ಶಿಕಾಗೋದಲ್ಲಿದ್ದದ್ದೂ ಫುಲ್‌ಬ್ರೈಟ್ ಆಹ್ವಾನದ ಮೇಲೆ; ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳು 'ನಾಗಮಂಡಲ' ನಾಟಕವಾದವು. ಅವರದು ವಿದ್ವಾಂಸರ ಮಟ್ಟದ ವಿನಿಮಯ, ನಿಜ.

ಮರಳಿದ ಮೇಲೆ

ಸೆಮಿಸ್ಟರ್ ಮುಗಿದ ಮೇಲೆ 30 ದಿನ ಅಲ್ಲಿರಬಹುದು, ಊರು ನೋಡಲು. ಆ ದಿನಗಳಲ್ಲಿ ಕೆಲಸ ಮಾಡುವಂತಿಲ್ಲ. ಸರ್ಕಾರದ ಹಣದಲ್ಲಿ ಹೋದವರು ಎರಡು ವರ್ಷ ಸ್ವದೇಶದಲ್ಲಿ ಕಳೆಯದೆ ಎಚ್-1ಬಿ ಅಥವಾ ಗ್ರೀನ್ ಕಾರ್ಡ್ ಕೇಳುವಂತಿಲ್ಲ. ಓದಿದ ವಿಷಯದ ಆಧಾರದ ಮೇಲೆ ಇದೇ ನಿಯಮ ಅನೇಕ ಭಾರತೀಯರಿಗೆ ತಗಲುತ್ತಿತ್ತು. 2024ರ ಡಿಸೆಂಬರಿನಲ್ಲಿ ಆ ಪಟ್ಟಿಯಿಂದ ಭಾರತವನ್ನು ಕೈಬಿಡಲಾಗಿದೆ.

ಇನ್ನು ಅಂಕಗಳ ಮಾತು. ಹೊರಡುವ ಮುನ್ನವೇ ಅಲ್ಲಿನ ಯಾವ ವಿಷಯ ಇಲ್ಲಿನ ಯಾವ ಪೇಪರಿಗೆ ಸಮ ಎಂದು ವಿಭಾಗದ ಮುಖ್ಯಸ್ಥರ ಸಹಿ, ಸೀಲು ಇರುವ ಪಟ್ಟಿ ಮಾಡಿಸಿಕೊಂಡಿರಬೇಕು. ಇದಿಲ್ಲದೆ ಹೋದವರು ಬಂದು ಅದೇ ಪೇಪರುಗಳನ್ನು ಮತ್ತೆ ಬರೆದು, ವರ್ಷ ಕಳೆದುಕೊಳ್ಳುವ ಸಂಭವ ಇದೆ. ಅಲ್ಲಿ ಸೇರಿದ ಮೇಲೆ ವಿಷಯ ಬದಲಾದರೆ ಅಂದೇ ಇ-ಮೇಲ್ ಮಾಡಿ ಒಪ್ಪಿಗೆ ತರಿಸಿಕೊಳ್ಳಬೇಕು. ಪ್ರತಿ ವಿಷಯದ ಸಿಲಬಸ್, ಬರೆದ ಪ್ರಬಂಧ, ಉತ್ತರ ಪತ್ರಿಕೆ ಜೋಪಾನವಾಗಿರಲಿ. 'ಬಿ ಪ್ಲಸ್' ಎಂದರೆ ಇಲ್ಲಿ ಎಷ್ಟು ಅಂಕ ಎಂಬ ವಾದ ಬಂದಾಗ ಅವೇ ಆಧಾರ. ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ವಿದ್ಯಾರ್ಥಿಯ ಕೈಗಲ್ಲ, ನೇರವಾಗಿ ಇಲ್ಲಿನ ವಿಶ್ವವಿದ್ಯಾಲಯಕ್ಕೆ ಬರುವಂತೆ ಅರ್ಜಿ ಕೊಡಬೇಕು. ಗ್ರಂಥಾಲಯದ ದಂಡವೋ ಆಸ್ಪತ್ರೆಯ ಬಿಲ್ಲೋ ಬಾಕಿ ಉಳಿದಿದ್ದರೆ ಅದಕ್ಕೆ ತಡೆ ಬೀಳಬಹುದು. ಆದ್ದರಿಂದ ವಿಮಾನ ಹತ್ತುವ ವಾರದಲ್ಲಿ ಎಲ್ಲ ಬಾಕಿ ಚುಕ್ತಾ ಮಾಡಿ ಟ್ರಾನ್ಸ್‌ಕ್ರಿಪ್ಟ್ ಅರ್ಜಿಯನ್ನು ಅಲ್ಲಿಂದಲೇ ಹಾಕಿ ಬರುವುದು ವಾಡಿಕೆ.