ಕ್ಯಾಸೊವರಿ ನಿಜಕ್ಕೂ ‘ಮನುಷ್ಯರನ್ನು ಕೊಲ್ಲುವ ಹಕ್ಕಿ’ಯೇ? ಕಾಡಿನಲ್ಲಿ ಎದುರಾದರೆ ಏನು ಮಾಡಬೇಕು?

ಆಳೆತ್ತರದ ಕಪ್ಪು ಹಕ್ಕಿ. ಕಡುನೀಲಿ ಕುತ್ತಿಗೆ, ಅದರಿಂದ ಜೋಲುವ ಕೆಂಪು ಚರ್ಮ, ತಲೆಯ ಮೇಲೆ ಕಿರೀಟದಂಥ ಕೊಂಬು. ಕ್ಯಾಸೊವರಿ ಎಂಬ ಈ ಹಕ್ಕಿಯ ವಿಡಿಯೊಗಳು ವಾಟ್ಸಾಪ್, ಫೇಸ್‌ಬುಕ್‌ಗಳಲ್ಲಿ ಆಗಾಗ ಹರಿದಾಡುತ್ತವೆ. ಅವುಗಳಲ್ಲಿ ಎರಡು ಬಗೆ. ಒಂದು, ‘ಜಗತ್ತಿನ ಅತಿ ಅಪಾಯಕಾರಿ ಹಕ್ಕಿ, ಒಂದೇ ಒದೆಗೆ ಮನುಷ್ಯನ ಹೊಟ್ಟೆ ಸೀಳುತ್ತದೆ’ ಎಂದು ಹೆದರಿಸುವಂಥದ್ದು. ಇನ್ನೊಂದು, ಯಾರೋ ಪ್ರವಾಸಿಗರು ಅದೇ ಹಕ್ಕಿಗೆ ಕೈಯಾರೆ ಬಾಳೆಹಣ್ಣು ತಿನ್ನಿಸುವಂಥದ್ದು. ಅದರ ಕೆಳಗೆ ‘ಎಷ್ಟು ಮುದ್ದಾಗಿದೆ ನೋಡಿ’ ಎಂಬ ಸಾಲು.

ನೋಡಲು ಇವೆರಡೂ ಒಂದಕ್ಕೊಂದು ವಿರುದ್ಧ. ಆದರೆ ದಾಖಲೆಗಳನ್ನು ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ. ಬಾಳೆಹಣ್ಣು ತಿನ್ನಿಸುವ ವಿಡಿಯೊವೇ ಎಷ್ಟೋ ಸಲ ಒದೆಯುವ ವಿಡಿಯೊಗೆ ಕಾರಣ. ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಕ್ಯಾಸೊವರಿ ಎಲ್ಲಿದೆ?

ಇದು ಹಾರಲಾರದ ಹಕ್ಕಿ. ಉಷ್ಟ್ರಪಕ್ಷಿ, ಎಮುಗಳ ಬಳಗಕ್ಕೆ ಸೇರಿದ್ದು. ನಮ್ಮ ದೇಶದ ಕಾಡುಗಳಲ್ಲಿ ಇಲ್ಲ. ನ್ಯೂಗಿನಿ ದ್ವೀಪದಲ್ಲಿ ಮತ್ತು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಉತ್ತರ ಭಾಗದ ಮಳೆಕಾಡುಗಳಲ್ಲಿ ಇದೆ. ಕ್ವೀನ್ಸ್‌ಲ್ಯಾಂಡಿನ ಕೇರ್ನ್ಸ್ ನಗರಕ್ಕೆ ಹವಳದ ದಿಬ್ಬ ನೋಡಲು ಹೋಗುವವರಲ್ಲಿ ಹಲವರು ಪಕ್ಕದ ಡೇಂಟ್ರಿ ಮಳೆಕಾಡು, ಮಿಷನ್ ಬೀಚ್, ಎಟ್ಟಿ ಬೇಗಳಿಗೂ ಹೋಗುತ್ತಾರೆ. ಈ ಮೂರೂ ಕಡೆ ಕ್ಯಾಸೊವರಿ ಕಣ್ಣಿಗೆ ಬೀಳುವ ಸಾಧ್ಯತೆ ಇದೆ. ಎಟ್ಟಿ ಬೇಯಲ್ಲಂತೂ ಅದು ಕಡಲ ತೀರದ ಮರಳಿನ ಮೇಲೇ ನಡೆದು ಬರುತ್ತದೆ. ಆಸ್ಟ್ರೇಲಿಯಾದಲ್ಲಿ ನೆಲೆಸಿರುವ, ಅಲ್ಲಿಗೆ ಪ್ರವಾಸ ಹೋಗುವ ಕನ್ನಡಿಗರೂ ಕಡಿಮೆ ಇಲ್ಲ. ಹಾಗಾಗಿ ಇದು ನಮಗೆ ಸಂಬಂಧವೇ ಇಲ್ಲದ ವಿಷಯವಲ್ಲ.

ಅದರ ಒದೆ ನಿಜಕ್ಕೂ ಅಪಾಯಕಾರಿಯೇ?

ಹೌದು. ಫಾರ್ವರ್ಡ್‌ನ ಈ ಭಾಗ ಸುಳ್ಳಲ್ಲ. ಹೆಣ್ಣು ಕ್ಯಾಸೊವರಿ 70 ಕಿಲೊ ಮೀರಿ ತೂಗಬಲ್ಲದು, ಗಂಡು ಅದಕ್ಕಿಂತ ಚಿಕ್ಕದು. ಪ್ರತಿ ಕಾಲಿನಲ್ಲಿ ಮೂರು ಬೆರಳು. ಒಳಗಿನ ಬೆರಳಿನ ಉಗುರು ಚಾಕುವಿನಂತೆ ನೆಟ್ಟಗಿದ್ದು, 12 ಸೆಂ.ಮೀ.ವರೆಗೂ ಉದ್ದ ಇರಬಹುದು. ಒದೆಯುವುದು ಮುಂದಕ್ಕೆ. ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ಓಡುತ್ತದೆ, ಚೆನ್ನಾಗಿ ಜಿಗಿಯುತ್ತದೆ, ಈಜುತ್ತದೆ ಕೂಡ. ಓಡಿ ತಪ್ಪಿಸಿಕೊಳ್ಳುತ್ತೇನೆ, ನೀರಿಗಿಳಿದರೆ ಬಚಾವ್ ಎನ್ನುವ ಲೆಕ್ಕಾಚಾರ ಇದರ ಮುಂದೆ ನಡೆಯುವುದಿಲ್ಲ.

ಆದರೆ ಅದು ಮನುಷ್ಯರನ್ನು ಹುಡುಕಿಕೊಂಡು ಬಂದು ಕೊಲ್ಲುತ್ತದೆ ಎಂಬುದು ಸುಳ್ಳು. ಕ್ಯಾಸೊವರಿಯ ಮುಖ್ಯ ಆಹಾರ ಕಾಡಿನಲ್ಲಿ ಉದುರಿದ ಹಣ್ಣು. ಸಾಮಾನ್ಯವಾಗಿ ಅದು ನಾಚಿಕೆಯ ಹಕ್ಕಿ. ಮನುಷ್ಯರ ಸದ್ದು ಕೇಳಿದರೆ ಪೊದೆಯೊಳಗೆ ಸರಿದುಬಿಡುತ್ತದೆ.

ಹಾಗಿದ್ದರೆ ದಾಳಿ ಮಾಡುವುದು ಏಕೆ?

ಕ್ವೀನ್ಸ್‌ಲ್ಯಾಂಡಿನಲ್ಲಿ ನಡೆದ 221 ಕ್ಯಾಸೊವರಿ ದಾಳಿಗಳನ್ನು ಸಂಶೋಧಕ ಕ್ರಿಸ್ಟೋಫರ್ ಕೋಫ್ರನ್ ಅಧ್ಯಯನ ಮಾಡಿದ್ದಾರೆ. ಅವುಗಳಲ್ಲಿ 150 ದಾಳಿಗಳು ಮನುಷ್ಯರ ಮೇಲೆ ನಡೆದವು. ಮನುಷ್ಯರ ಮೇಲೆ ದಾಳಿ ಮಾಡಿದ ಹಕ್ಕಿಗಳಲ್ಲಿ ಶೇ 75ರಷ್ಟು, ಅದಕ್ಕೂ ಮೊದಲು ಜನ ಆಹಾರ ಕೊಟ್ಟು ರೂಢಿ ಮಾಡಿಸಿದವು. ಶೇ 73ರಷ್ಟು ಪ್ರಕರಣಗಳಲ್ಲಿ ಹಕ್ಕಿ ತಿನ್ನಲು ಏನಾದರೂ ಸಿಗುತ್ತದೆಂದು ಕಾಯುತ್ತಿತ್ತು ಅಥವಾ ಕಿತ್ತುಕೊಳ್ಳಲು ನೋಡುತ್ತಿತ್ತು. ಮರಿ ಅಥವಾ ಮೊಟ್ಟೆಯ ರಕ್ಷಣೆಗಾಗಿ ನಡೆದದ್ದು ಶೇ 7 ಮಾತ್ರ. ಬಹುಪಾಲು ಪ್ರಕರಣಗಳಲ್ಲಿ ಹಕ್ಕಿ ಅಟ್ಟಿಸಿಕೊಂಡು ಬಂದಿತ್ತು. ಒದ್ದದ್ದು ಶೇ 15ರಷ್ಟು ಪ್ರಕರಣಗಳಲ್ಲಿ. ಸಾವು ಒಂದೇ ಒಂದು.

ಆ ಸಾವು ಸಂಭವಿಸಿದ್ದು 1926ರಲ್ಲಿ, ಮಾಸ್‌ಮನ್ ಊರಿನ ಬಳಿ. ಇಬ್ಬರು ಅಣ್ಣತಮ್ಮಂದಿರು ತಮ್ಮ ಜಮೀನಿಗೆ ಬಂದ ಕ್ಯಾಸೊವರಿಯನ್ನು ದೊಣ್ಣೆಯಿಂದ ಹೊಡೆದು ಕೊಲ್ಲಲು ಹೋದರು. 16 ವರ್ಷದ ಅಣ್ಣ ಓಡುವಾಗ ಎಡವಿ ಬಿದ್ದ. ಬಿದ್ದವನ ಕುತ್ತಿಗೆಗೆ ಹಕ್ಕಿಯ ಉಗುರು ತಾಗಿ ರಕ್ತನಾಳ ಹರಿಯಿತು. 2019ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ 75 ವರ್ಷದ ವ್ಯಕ್ತಿಯೊಬ್ಬರು ಕ್ಯಾಸೊವರಿ ದಾಳಿಗೆ ಬಲಿಯಾದ ಸುದ್ದಿಯನ್ನು ನೀವು ಓದಿರಬಹುದು. ಆ ಹಕ್ಕಿ ಕಾಡಿನದಲ್ಲ, ಅವರೇ ಮನೆಯಲ್ಲಿ ಸಾಕಿಕೊಂಡಿದ್ದದ್ದು. ಅವರೂ ಬಿದ್ದಾಗಲೇ ದಾಳಿ ನಡೆಯಿತು.

ಅಂದರೆ ಒಂದು ಕಡೆ ಹೊಡೆಯಲು ಹೋದವರು, ಇನ್ನೊಂದು ಕಡೆ ಸಾಕಿದವರು. ದೂರ ನಿಂತು ನೋಡಿದವರು ಸತ್ತ ದಾಖಲೆ ಈ ಎರಡರಲ್ಲೂ ಇಲ್ಲ.

ಒಂದು ಬಾಳೆಹಣ್ಣು ಕೊಟ್ಟರೆ ಏನಾಗುತ್ತದೆ?

ಇದನ್ನು ಅರ್ಥ ಮಾಡಿಕೊಳ್ಳಲು ಆಸ್ಟ್ರೇಲಿಯಾಕ್ಕೇ ಹೋಗಬೇಕಿಲ್ಲ. ನಂದಿ ಬೆಟ್ಟದ ಅಥವಾ ಆಗುಂಬೆ ಘಾಟಿಯ ಮಂಗಗಳನ್ನು ನೆನಪಿಸಿಕೊಳ್ಳಿ. ಯಾರೋ ಬಿಸ್ಕತ್ತು ಕೊಟ್ಟು ಅಭ್ಯಾಸ ಮಾಡಿಸಿದರು, ಈಗ ಅವು ಕೈಯಲ್ಲಿರುವ ಚೀಲಕ್ಕೇ ಕೈ ಹಾಕುತ್ತವೆ. ಕ್ಯಾಸೊವರಿಯ ವಿಷಯದಲ್ಲೂ ನಡೆಯುವುದು ಇದೇ. ಇಂದು ಕೊಟ್ಟವರು ನಾಳೆ ಊರಿಗೆ ಹೊರಟುಹೋಗುತ್ತಾರೆ. ಹಕ್ಕಿ ಮಾತ್ರ ‘ಮನುಷ್ಯ ಎಂದರೆ ಊಟ’ ಎಂದು ಕಲಿತು ಅಲ್ಲೇ ಉಳಿಯುತ್ತದೆ. ಮರುದಿನ ಬಂದ ಕುಟುಂಬದ ಕೈಯಲ್ಲಿ ಏನೂ ಇರುವುದಿಲ್ಲ. ಹಕ್ಕಿ ಬಿಡುವುದಿಲ್ಲ, ಬೆನ್ನು ಹತ್ತುತ್ತದೆ. ಒದೆ ತಿನ್ನುವುದು ಬಾಳೆಹಣ್ಣು ಕೊಟ್ಟವರಲ್ಲ, ಅವರ ನಂತರ ಬಂದವರು.

ಹಕ್ಕಿಗೂ ಇದರಿಂದ ಕೇಡೇ. ಕಾರಿನ ಕಿಟಕಿಯಿಂದ ಆಹಾರ ಸಿಗುತ್ತದೆಂದು ಕಲಿತ ಕ್ಯಾಸೊವರಿ ರಸ್ತೆ ಬದಿಯಲ್ಲೇ ಕಾಯತೊಡಗುತ್ತದೆ. ಕ್ವೀನ್ಸ್‌ಲ್ಯಾಂಡಿನಲ್ಲಿ ಕ್ಯಾಸೊವರಿಗಳ ಸಾವಿಗೆ ವಾಹನ ಡಿಕ್ಕಿ ಒಂದು ಮುಖ್ಯ ಕಾರಣ. ನಾಯಿಗಳ ದಾಳಿ ಇನ್ನೊಂದು. ಡೇಂಟ್ರಿ ಕಡೆಯ ಒಂದು ರಸ್ತೆ ಫಲಕ ಬಹಳ ಪ್ರಸಿದ್ಧ. ರಸ್ತೆ ಉಬ್ಬಿನ ಚಿತ್ರವಿದ್ದ ಫಲಕಕ್ಕೆ ಯಾರೋ ಬಣ್ಣ ಬಳಿದು, ಅದನ್ನು ಕಾರಿಗೆ ಸಿಕ್ಕಿ ಸತ್ತು ಬಿದ್ದ ಕ್ಯಾಸೊವರಿಯಂತೆ ಮಾಡಿದ್ದರು. ನೋಡಿದವರು ನಗುತ್ತಾರೆ, ಆದರೆ ಅದು ಹೇಳುವುದು ನಿಜ.

ಆಸ್ಟ್ರೇಲಿಯಾದ ಕಾಡಿನಲ್ಲಿ ಉಳಿದಿರುವ ಕ್ಯಾಸೊವರಿಗಳು ಕೆಲವೇ ಸಾವಿರ. ಅಲ್ಲಿನ ಕಾನೂನಿನಲ್ಲಿ ಅವು ಅಳಿವಿನಂಚಿನ ಪಟ್ಟಿಯಲ್ಲಿವೆ. ಕ್ವೀನ್ಸ್‌ಲ್ಯಾಂಡಿನಲ್ಲಿ ಅವುಗಳಿಗೆ ಆಹಾರ ಕೊಡುವುದು ಅಪರಾಧ, ದಂಡ ಬೀಳುತ್ತದೆ.

‘ಪಾಪ, ಹಸಿದಿರಬಹುದು’ ಎನ್ನುವವರಿಗೆ

ಇದು ಒಳ್ಳೆಯ ಮನಸ್ಸಿನಿಂದ ಬರುವ ಮಾತು. ಕಾಡಿನ ಹಣ್ಣೆಲ್ಲ ಉದುರಿಹೋಗಿ ಕ್ಯಾಸೊವರಿಗಳು ನಿಜಕ್ಕೂ ಹಸಿದ ಸಂದರ್ಭಗಳೂ ಇವೆ. 2006ರ ಲ್ಯಾರಿ ಮತ್ತು 2011ರ ಯಾಸಿ ಚಂಡಮಾರುತಗಳ ನಂತರ ಹಕ್ಕಿಗಳು ಮನೆ, ರಸ್ತೆಗಳ ಬಳಿಗೆ ಬಂದವು. ಆಗ ಅಲ್ಲಿನ ಸರ್ಕಾರವೇ ಹಣ್ಣು ಒದಗಿಸಿತು. ಆದರೆ ಯಾರ ಕೈಯಿಂದಲೂ ಅಲ್ಲ, ಜನವಸತಿಯಿಂದ ದೂರ ಕಾಡಿನೊಳಗೆ ಇಟ್ಟು. ಹಣ್ಣು ಎಲ್ಲಿಂದ ಬಂತೆಂದು ಹಕ್ಕಿಗೆ ಗೊತ್ತಾಗಬಾರದು ಎಂಬುದೇ ಅದರ ಉದ್ದೇಶ. ಇದು ಪರಿಣತರು ಯೋಚಿಸಿ ಮಾಡುವ ಕೆಲಸ, ಪ್ರವಾಸಿಗರು ಕಾರು ನಿಲ್ಲಿಸಿ ಮಾಡುವಂಥದ್ದಲ್ಲ.

ಕ್ಯಾಸೊವರಿ ಕಾಡಿನಲ್ಲೇ ತಿನ್ನಬೇಕು ಎನ್ನಲು ಇನ್ನೊಂದು ಕಾರಣವೂ ಇದೆ. ಅದು ದೊಡ್ಡ ಹಣ್ಣುಗಳನ್ನು ಇಡಿಯಾಗಿ ನುಂಗಿ, ಬೀಜಗಳನ್ನು ದೂರ ದೂರ ಹಿಕ್ಕೆಯಲ್ಲಿ ಬಿಡುತ್ತದೆ. 200ಕ್ಕೂ ಹೆಚ್ಚು ಜಾತಿಯ ಸಸ್ಯಗಳ ಬೀಜ ಹೀಗೆ ಹರಡುತ್ತದೆ. ಡೇಂಟ್ರಿಯಲ್ಲಿ ಬೆಳೆಯುವ ರೈಪರೋಸಾ ಎಂಬ ಅಪರೂಪದ ಮರದ ಬೀಜಗಳನ್ನು ಸಂಶೋಧಕರು ಪರೀಕ್ಷಿಸಿದರು. ಹಾಗೆಯೇ ಬಿಟ್ಟ ಬೀಜಗಳಲ್ಲಿ ಮೊಳೆತದ್ದು ಶೇ 4. ಕ್ಯಾಸೊವರಿಯ ಹೊಟ್ಟೆಯನ್ನು ಹಾದು ಬಂದ ಬೀಜಗಳಲ್ಲಿ ಶೇ 92. ಹಕ್ಕಿ ರಸ್ತೆ ಬದಿಯಲ್ಲಿ ಬ್ರೆಡ್ಡಿಗೆ ಕಾದು ನಿಂತರೆ ಈ ಕೆಲಸ ಮಾಡುವವರು ಯಾರು?

ನೋಡಲು ಹೋಗುವಾಗ ಏನು ಮಾಡಬೇಕು?

• ಹತ್ತಿರ ಹೋಗಬೇಡಿ. ಫೋಟೊ ಬೇಕಿದ್ದರೆ ಜೂಮ್ ಬಳಸಿ. ನಮ್ಮ ಸರಳ ಸೂತ್ರ ಹೀಗಿದೆ: ಹಕ್ಕಿ ತನ್ನ ಪಾಡಿಗೆ ತಿನ್ನುತ್ತಾ, ನಡೆಯುತ್ತಾ ಇದ್ದರೆ ನೀವು ಸಾಕಷ್ಟು ದೂರದಲ್ಲಿದ್ದೀರಿ. ಅದು ಕೆಲಸ ಬಿಟ್ಟು ನಿಮ್ಮನ್ನೇ ನೋಡತೊಡಗಿದರೆ ಹೆಚ್ಚೇ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ.

• ಹಕ್ಕಿಗೆ ಬೆನ್ನು ಮಾಡಿ ಸೆಲ್ಫಿ ತೆಗೆಯಬೇಡಿ.

• ಏನನ್ನೂ ತಿನ್ನಿಸಬೇಡಿ. ಹಣ್ಣಿನ ಸಿಪ್ಪೆ, ಉಳಿದ ಊಟವನ್ನು ಮುಚ್ಚಳವಿರುವ ಕಸದ ಡಬ್ಬಿಗೇ ಹಾಕಿ. ಕ್ಯಾಸೊವರಿ ಓಡಾಡುವ ಕಡಲ ತೀರದಲ್ಲಿ ತಿಂಡಿ ಹರವಿಕೊಂಡು ಕೂರಬೇಡಿ.

• ಪಟ್ಟೆ ಪಟ್ಟೆ ಮರಿಗಳು ಕಂಡರೆ ಇನ್ನೂ ಹೆಚ್ಚು ದೂರ ಇರಿ. ಕ್ಯಾಸೊವರಿಗಳಲ್ಲಿ ಬಾಣಂತನ ಅಪ್ಪನದು. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಗಂಡು ಸುಮಾರು 50 ದಿನ ಕಾವು ಕೊಟ್ಟು, ಆಮೇಲೆ ತಿಂಗಳುಗಟ್ಟಲೆ ಮರಿಗಳನ್ನು ಕಾಯುತ್ತದೆ. ಮರಿ ಒಂಟಿಯಾಗಿ ಕಂಡರೂ ಅಪ್ಪ ಪಕ್ಕದ ಪೊದೆಯಲ್ಲೇ ಇರಬಹುದು.

• ರಸ್ತೆಯಲ್ಲಿ ಫಲಕ ಕಂಡ ಕೂಡಲೇ ವೇಗ ತಗ್ಗಿಸಿ. ಆದರೆ ಹಕ್ಕಿ ನೋಡಲೆಂದು ರಸ್ತೆಯಲ್ಲಿ ಕಾರು ನಿಲ್ಲಿಸಬೇಡಿ. ನಿಂತ ಕಾರು ಎಂದರೆ ಊಟ ಎಂದು ಅದು ಕಲಿಯುತ್ತದೆ. ಹಿಂದೆ ಬರುವ ವಾಹನಕ್ಕೂ ಅಪಾಯ.

• ಅಲ್ಲೇ ವಾಸವಿದ್ದು ನಾಯಿ ಸಾಕಿದ್ದರೆ ಬೇಲಿಯೊಳಗೆ ಇಡಿ, ಹೊರಗೆ ಕರೆದೊಯ್ಯುವಾಗ ಹಗ್ಗ ಬಿಡಬೇಡಿ.

• ಡ್ರೋನ್ ಹಾರಿಸಬೇಡಿ. ಗೂಡು ಕಂಡರೆ ಆ ಜಾಗದ ಲೊಕೇಶನ್ ಹಾಕಿ ಪೋಸ್ಟ್ ಮಾಡಬೇಡಿ.

ಎದುರಿಗೇ ಬಂದುಬಿಟ್ಟರೆ?

ಕಾಡಿನ ಕಾಲುದಾರಿಯ ತಿರುವಿನಲ್ಲಿ ಹೀಗಾಗಬಹುದು. ಮೊದಲ ಮಾತು, ಓಡಬೇಡಿ. ಓಡಿದರೆ ಅದು ಅಟ್ಟಿಸಿಕೊಂಡು ಬರಬಹುದು, ಗಾಬರಿಯಲ್ಲಿ ನೀವು ಬೀಳಬಹುದು. ಮೇಲೆ ಹೇಳಿದ ಎರಡೂ ಸಾವುಗಳಲ್ಲಿ ಬಿದ್ದದ್ದೇ ಮುಳುವಾಯಿತು. ಕೂಗಬೇಡಿ, ಕಲ್ಲು ಕೋಲು ಎತ್ತಬೇಡಿ. ಅದಕ್ಕೆ ಮುಖ ಮಾಡಿಯೇ ನಿಧಾನವಾಗಿ ಹಿಂದಕ್ಕೆ ಹೆಜ್ಜೆ ಇಡಿ. ಬೆನ್ನಿನ ಬ್ಯಾಗನ್ನು ತೆಗೆದು ನಿಮ್ಮ ಎದೆ ಹೊಟ್ಟೆಯ ಮುಂದೆ ಗುರಾಣಿಯಂತೆ ಹಿಡಿಯಿರಿ. ಬ್ಯಾಗ್ ಇಲ್ಲದಿದ್ದರೆ ಜಾಕೆಟ್ ಆದರೂ ಸರಿ. ಹತ್ತಿರದಲ್ಲಿ ದಪ್ಪ ಮರವಿದ್ದರೆ ಅದರ ಹಿಂದೆ ಸರಿಯಿರಿ. ಮಕ್ಕಳನ್ನು ನಿಮ್ಮ ಬೆನ್ನ ಹಿಂದೆ ಮಾಡಿಕೊಳ್ಳಿ. ಹಕ್ಕಿಗೆ ಹೋಗಲು ದಾರಿ ಬಿಟ್ಟುಕೊಡಿ. ಹೆಚ್ಚಿನ ಸಲ ಅದು ತಾನಾಗಿಯೇ ಹೊರಟುಹೋಗುತ್ತದೆ.

ಎಮು, ಉಷ್ಟ್ರಪಕ್ಷಿಗಳಿಗೂ ಇದೇ ನಿಯಮವೇ?

ಮೂಲ ನಿಯಮ ಒಂದೇ: ದೂರ ಇರಿ, ತಿನ್ನಿಸಬೇಡಿ, ಮರಿಗಳ ಬಳಿ ಹೋಗಬೇಡಿ. ಎಮು ಅಷ್ಟು ಸಿಡುಕಿನದಲ್ಲ, ಕುತೂಹಲದಿಂದ ತಾನೇ ಹತ್ತಿರ ಬರುವುದೂ ಉಂಟು. ಆದರೆ ಅದರ ಜೊತೆಗಿನ ಸಲಿಗೆಯೂ ತೊಂದರೆಯಲ್ಲೇ ಮುಗಿಯಬಹುದು. ಕ್ವೀನ್ಸ್‌ಲ್ಯಾಂಡಿನ ಯರಾಕಾ ಎಂಬ ಪುಟ್ಟ ಊರಿನಲ್ಲಿ ಎರಡು ಎಮುಗಳು ಮೆಟ್ಟಿಲು ಹತ್ತಿ ಹೋಟೆಲಿನೊಳಗೇ ಬರತೊಡಗಿದವು. 2020ರಲ್ಲಿ ಆ ಹೋಟೆಲು ಎಮುಗಳಿಗೆ ಪ್ರವೇಶವಿಲ್ಲ ಎಂದು ಫಲಕ ಹಾಕಬೇಕಾಯಿತು.

ಆಫ್ರಿಕಾದ ಸಫಾರಿಯಲ್ಲಿ ಉಷ್ಟ್ರಪಕ್ಷಿ ಕಂಡರೆ ವಾಹನದಿಂದ ಇಳಿಯದೆ ನೋಡಿ. ಅದರ ಒದೆಯೂ ಜೀವ ತೆಗೆಯುವಷ್ಟು ಬಲವಾದದ್ದು. ಹೆದರಿದರೆ ಅದು ಮರಳಿನಲ್ಲಿ ತಲೆ ಹುದುಗಿಸುತ್ತದೆ ಎಂಬ ಫಾರ್ವರ್ಡ್ ಮಾತ್ರ ಸುಳ್ಳು. ಗೂಡೆಂದರೆ ನೆಲದ ಗುಳಿ. ಅದರಲ್ಲಿರುವ ಮೊಟ್ಟೆಗಳನ್ನು ಕೊಕ್ಕಿನಿಂದ ತಿರುಗಿಸಲು ತಲೆ ಬಗ್ಗಿಸಿದಾಗ ದೂರದಿಂದ ಹಾಗೆ ಕಾಣುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ವಿಡಿಯೊ ನಿಮ್ಮ ಗ್ರೂಪಿಗೆ ಬಂದರೆ ಎರಡು ವಿಷಯ ಗಮನಿಸಿ. ವಿಡಿಯೊದಲ್ಲಿ ಯಾರಾದರೂ ಹಕ್ಕಿಗೆ ತಿನ್ನಿಸುತ್ತಿದ್ದಾರೆಯೇ, ಮುಟ್ಟುತ್ತಿದ್ದಾರೆಯೇ? ಹಾಗಿದ್ದರೆ ಎಷ್ಟೇ ಮುದ್ದಾಗಿದ್ದರೂ ಮುಂದಕ್ಕೆ ಕಳಿಸಬೇಡಿ. ಅದನ್ನು ನೋಡಿದವರು ಅಲ್ಲಿಗೆ ಹೋದಾಗ ಅದನ್ನೇ ಮಾಡುತ್ತಾರೆ. ಇನ್ನು ಹಕ್ಕಿ ಅಟ್ಟಿಸಿಕೊಂಡು ಬರುವ ವಿಡಿಯೊವಾದರೆ, ಅದಕ್ಕೂ ಮೊದಲು ಏನು ನಡೆಯಿತೆಂದು ತೋರಿಸಿದ್ದಾರೆಯೇ ನೋಡಿ. ಎಷ್ಟೋ ವಿಡಿಯೊಗಳು ಅಟ್ಟುವಲ್ಲಿಂದಲೇ ಶುರುವಾಗುತ್ತವೆ.

ಕ್ಯಾಸೊವರಿ ಅಪಾಯಕಾರಿ ಹೌದು, ಮನುಷ್ಯರ ವೈರಿ ಅಲ್ಲ. ಅದನ್ನು ದೂರದಿಂದ ನೋಡಿ ಬಂದರೆ ನಿಮಗೂ ಕ್ಷೇಮ, ನಿಮ್ಮ ನಂತರ ಅಲ್ಲಿಗೆ ಹೋಗುವ ಕುಟುಂಬಕ್ಕೂ ಕ್ಷೇಮ, ಹಕ್ಕಿಗೂ ಕ್ಷೇಮ. ಆಸ್ಟ್ರೇಲಿಯಾಕ್ಕೆ ಹೊರಟ ಬಂಧುಗಳು, ಗೆಳೆಯರು ಇದ್ದರೆ ಈ ಲೇಖನವನ್ನು ಅವರಿಗೆ ಕಳಿಸಿ.